ಹನ್ನೊಂದು ಕಡಿಮೆ

ವಾಲ್ಮಿಯೆರಾದಲ್ಲಿ, ಮುಚ್ಚಿಹೋದ ಬೇಕರಿಯ ಹಿಂದಿನ ಕೋಣೆಯಲ್ಲಿ
ನಾವು ರನ್ನರ್ ಮಾರುತ್ತೇವೆ.
ಜಿಪ್ಪಿನ ರನ್ನರ್. ಹಲ್ಲಿಗೆ ಹಲ್ಲು ಕಚ್ಚಿಸುತ್ತ ಏರಿ
ಬಿಡಿಸುತ್ತ ಇಳಿಯುವ ಅಷ್ಟೇ ಅಷ್ಟು ಹಿತ್ತಾಳೆ.
ಒಂದಕ್ಕೆ ಮೂರು ಗ್ರಾಂ.
ಇಡೀ ಕೋಟು ಗಟ್ಟಿಯಾಗಿದ್ದು ಇದೊಂದು ಕೈಕೊಟ್ಟರೆ
ಚಳಿ ನೇರ ಎದೆಗೇ ಬರುತ್ತದೆ, ಬಾಗಿಲು ತಟ್ಟುವುದಿಲ್ಲ.

ಒಡತಿ ಸ್ಕೈದ್ರೀತೆ. ಅರವತ್ತೆರಡು.
ಹಿಂದೆ ಹೊಲಿಗೆ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಿದ್ದವಳು,
ಈಗಲೂ ನಾನು ಕಟ್ಟಿದ್ದನ್ನೆಲ್ಲ ಬೆಳಕಿಗೆ ಹಿಡಿದು ನೋಡುತ್ತಾಳೆ.
ನನ್ನ ಕೆಲಸ ತೂಗುವುದು.
ಐವತ್ತು ಗ್ರಾಂವರೆಗೆ ಒಂದು ದರ, ಐವತ್ತೊಂದಾದರೆ ಇನ್ನೊಂದು;
ಆ ಒಂದು ಗ್ರಾಮಿಗೆ ಅಂಚೆಯವರು ಕೇಳುವ ಹಣದಲ್ಲಿ
ಒಂದು ಬಟ್ಟಲು ಬೀಟ್‌ರೂಟ್ ಸಾರು ಬರುತ್ತದೆ.
ಹಾಗಾಗಿ ರಟ್ಟಿನ ಮೂಲೆ ಕತ್ತರಿಸುತ್ತೇನೆ,
ಅಂಟುಪಟ್ಟಿಯನ್ನು ಜಿಪುಣರ ಹಾಗೆ ಎಳೆಯುತ್ತೇನೆ.
"ವಂದನೆಗಳು" ಎಂದು ಅಚ್ಚಾದ ಚೀಟಿ ಎರಡು ಗ್ರಾಂ ತೂಗುತ್ತಿತ್ತು,
ಕಳೆದ ವರ್ಷವೇ ಬಿಟ್ಟೆವು. ನಮಗದು ಗಿಟ್ಟುವುದಿಲ್ಲ.

ದೂರದ ಯಾವುದೋ ದೇಶದಲ್ಲಿ ಟಪಾಲು ಹೊತ್ತು ಕಾಡು ದಾಟುವವನಿಗೂ
ರನ್ನರ್ ಎಂದೇ ಹೆಸರಂತೆ, ಎಲ್ಲೋ ಓದಿದ್ದೆ,
ಕೋಲಿಗೆ ಗೆಜ್ಜೆ ಕಟ್ಟಿ ಓಡುತ್ತಿದ್ದನಂತೆ.
ನಮ್ಮವಕ್ಕೆ ಗೆಜ್ಜೆಯಿಲ್ಲ, ಜಾಡಿಲ್ಲ;
ಅಗ್ಗದ ಚೀಲದೊಳಗೆ ಬಿದ್ದ ಮೇಲೆ
ಎಲ್ಲಿದೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.
ನಿಧಾನ ಹೋಗುತ್ತದೆ. ಹೋಗುತ್ತದೆ.

ಒಪ್ಪಂದ ಹೀಗೆ: ತಿಂಗಳಿಗೆ ಐನೂರು ಪೊಟ್ಟಣ ಮುಟ್ಟಿದರೆ ಸಗಟು ದರ,
ಮುಟ್ಟದಿದ್ದರೆ ಹೋದಷ್ಟಕ್ಕೂ ಪೂರ್ತಿ ದರ ಹಾಕಿದ ಬಿಲ್ಲು.
ಜನವರಿ ಮೂವತ್ತೊಂದು, ಮಧ್ಯಾಹ್ನ ಮೂರೂವರೆ.
ನಾನೂರ ಎಂಬತ್ತೊಂಬತ್ತು.
ಎರಡು ಸಲ ಎಣಿಸಿದೆ. ಮೂರನೆಯ ಸಲ ಅವಳು ಎಣಿಸಿದಳು.
ಕೌಂಟರಿನ ಆಲ್ಡಿಸ್ ನಾಲ್ಕೂವರೆಗೆ ಪರದೆ ಎಳೆಯುತ್ತಾನೆ;
ಒಳ್ಳೆಯವನು, ಆದರೆ ಗಡಿಯಾರ ಅವನದಲ್ಲ.

"ಹನ್ನೊಂದು ಪುಕ್ಕಟೆ ಕಳಿಸಿದರೂ ನಮಗೆ ಲಾಭವೇ," ಎಂದಳು
ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು.
"ಯಾರಿಗೆ?"
ಬೇಕರಿಯವರು ಬಿಟ್ಟುಹೋದ ದೂರವಾಣಿ ಪುಸ್ತಕ
ಮೇಜಿನ ಕುಂಟುಕಾಲಿನ ಅಡಿಯಲ್ಲಿತ್ತು. ಎಳೆದಳು.
ಮೇಜು ವಾಲಿತು, ತಕ್ಕಡಿ ಸೊನ್ನೆಯನ್ನೇ ಮರೆಯಿತು.
ಅವಳು ಕಣ್ಣು ಮುಚ್ಚಿ ಬೆರಳಿಟ್ಟಲ್ಲಿ ನಾನು ಬರೆದುಕೊಂಡೆ:
ತಾಲ್ಸಿಯ ಒಬ್ಬ ದಂತವೈದ್ಯೆ,
ಲಿಯೆಪಾಯಾದಲ್ಲಿ ಒಂದೇ ಬೀದಿಯ ಇಬ್ಬರು ಓಜೊಲಿಂಶ್,
ಲುದ್ಜಾದ ಒಂದು ಶವಪೆಟ್ಟಿಗೆ ಅಂಗಡಿ
(ಇರಲಿ ಬಿಡು, ಅವರಿಗೂ ಕೋಟಿರುತ್ತದೆ),
ಕೊನೆಗೆ ತುಕುಮ್ಸಿನ ಎವಾಲ್ಡ್ಸ್ ಸ್ಟ್ರೌಮೆ.
ನಾಲ್ಕು ಇಪ್ಪತ್ತೆಂಟಕ್ಕೆ ಏದುಸಿರಿನಲ್ಲಿ ಚೀಲ ಇಳಿಸಿದೆ.

ಒಂಬತ್ತರಿಂದ ಮಾತಿಲ್ಲ.
ಒಂದು "ಈ ವಿಳಾಸದಲ್ಲಿಲ್ಲ" ಎಂಬ ಮುದ್ರೆ ಹೊತ್ತು ಬಂತು.
ಹನ್ನೊಂದನೆಯದನ್ನು ಎವಾಲ್ಡ್ಸ್ ವಾಪಸು ಕಳಿಸಿದ,
ಪೂರ್ತಿ ದರದ ಸ್ಟಾಂಪು ಹಚ್ಚಿ:
"ನಾನು ಕೇಳಿಲ್ಲ. ಕೇಳದ್ದಕ್ಕೆ ದುಡ್ಡು ಕೊಡುವವನಲ್ಲ."
ಆ ಸ್ಟಾಂಪಿನ ಬೆಲೆಗೆ ನಾಲ್ಕು ರನ್ನರ್ ಬರುತ್ತಿದ್ದವು.
ಸ್ಕೈದ್ರೀತೆ ಕೆಮ್ಮು ಬರುವಷ್ಟು ನಕ್ಕಳು.

ಫೆಬ್ರವರಿಯಲ್ಲಿ ಆರು ಕಡಿಮೆ ಬಿತ್ತು. ಪುಸ್ತಕ ಎಳೆಯುವ ಮುಂಚೆಯೇ
"ಮೊದಲು ತುಕುಮ್ಸ್," ಎಂದಳು.
ಅದೂ ತಿರುಗಿ ಬಂತು. ಈ ಸಲ ಒಂದೇ ಮಾತು: "ಮತ್ತೆ?"

ಮಾರ್ಚಿನಲ್ಲಿ ಐನೂರ ಇಪ್ಪತ್ತು. ಲೆಕ್ಕಕ್ಕೆ ಯಾರೂ ಬೇಕಿರಲಿಲ್ಲ.
ಆದರೂ ಒಂದನ್ನು ತೂಗಿ, ಅಂಟಿಸಿ, ಚೀಲಕ್ಕೆ ಹಾಕಿದೆ.
ಅವಳು ನೋಡಿಯೂ ನೋಡದ ಹಾಗೆ ಕಿಟಕಿ ಒರೆಸುತ್ತಿದ್ದಳು.

ಏಪ್ರಿಲ್ಲಿನಲ್ಲಿ ಬಂದ ಪೊಟ್ಟಣದೊಳಗೆ ಚೀಟಿ ಇರಲಿಲ್ಲ.
ರನ್ನರ್ ಇತ್ತು. ನಮ್ಮದಲ್ಲ.
ಕಪ್ಪು ಬಣ್ಣ ಉದುರಿ, ಬಾಯಿ ಅಗಲವಾಗಿ,
ಹಿಡಿಯಿದ್ದ ಕಡೆ ಗಾಳದ ದಾರದ ಒಂದು ಗಂಟು,
ಎಷ್ಟೋ ಚಳಿಗಾಲ ಹಿಡಿದೆಳೆದು ಎಳೆದು ನುಣುಪಾದದ್ದು.

ಅವಳು ಬೆಳಕಿಗೆ ಹಿಡಿದಳು.
ನಾನು ತಕ್ಕಡಿಗಿಟ್ಟೆ:
ಎರಡು ಮುಕ್ಕಾಲು ಗ್ರಾಂ.